ಒಂದೇ ಒಂದು ಅಣುವಿನ ಅಧ್ಯಯನ: ಬೆಳಕಿನ ಚಿಮಟವೂ ಸಸಾರಜನಕದ ಸ್ವಭಾವವೂ

ಪೀಠಿಕೆ

ಭಾರತದ ಇತಿಹಾಸವನ್ನು ಓದಿದವರೆಲ್ಲರಿಗೂ ಮಸ್ಕಿಯ ಹೆಸರು ಪರಿಚಿತವಾಗಿರುವುದಕ್ಕೆ ಕಾರಣ ಒಂದು ಬಂಡೆ; ಆ ಬಂಡೆಯ ಮೇಲಿರುವ ಒಂದು ಹೆಸರು. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತ ಈ ಸೀಮೆಯಲ್ಲಿ ಸಂಚರಿಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವೊಂದನ್ನು ಕಂಡನು. ಅದಕ್ಕೆ ಮೊದಲು ದೇಶದ ನಾನಾ ಕಡೆಗಳಲ್ಲಿ ದೊರೆತಿದ್ದ ಧರ್ಮಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ ಇದ್ದವು. ಬಿರುದು ಹಲವರಿಗೆ ಸಲ್ಲಬಹುದು. 'ದೇವಾನಾಂಪ್ರಿಯ' ಎಂಬುದನ್ನು ಸಿಂಹಳದ ಅರಸನೊಬ್ಬನೂ ಧರಿಸಿದ್ದನು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದ ಕಾಲದಿಂದಲೂ ವಿದ್ವಾಂಸರು ಪಾಲಿ ಗ್ರಂಥಗಳ ನೆರವಿನಿಂದ ಈ ಬಿರುದು ಅಶೋಕನದೆಂದು ಊಹಿಸಿದ್ದರು. ಆದರೆ ಶಿಲೆಯೇ ನುಡಿಯುವ ಸಾಕ್ಷ್ಯ ದೊರೆತಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆಗೆ 'ಅಶೋಕ' ಎಂಬ ಹೆಸರೇ ಕಾಣಿಸಿತು. ಹಲವರಿಗೆ ಸಾಮಾನ್ಯವಾದದ್ದು ಹೋಗಿ, ಒಬ್ಬನಿಗೇ ಸಲ್ಲುವುದು ಕೈಗೆ ಸಿಕ್ಕಿತು.

ವಿಜ್ಞಾನದ ಇತ್ತೀಚಿನ ಒಂದು ಸಾಧನೆಯ ತಿರುಳೂ ಇದೇ ಬಗೆಯದು. ಜೀವಿಗಳ ಒಡಲನ್ನು ಕಟ್ಟಿ ನಡೆಸುವ ಸಸಾರಜನಕದ ಅಣುಗಳನ್ನು ಬಹುಕಾಲ ಕೋಟ್ಯನುಕೋಟಿಯ ಗುಂಪಿನಲ್ಲಿಯೇ ಪರೀಕ್ಷಿಸಲಾಗುತ್ತಿತ್ತು. ಈಗ ಅವುಗಳಲ್ಲಿ ಒಂದನ್ನೇ ಬೆಳಕಿನಿಂದ ಹಿಡಿದು ನಿಲ್ಲಿಸಿ, ಅದು ಮಡಚುವುದನ್ನೂ ಬಿಚ್ಚುವುದನ್ನೂ ನೋಡುವ ವಿದ್ಯೆ ಕೈಗೂಡಿದೆ. ಗುಂಪನ್ನು ಅರಿತಂತೆ ಒಂದನ್ನೂ ಅರಿಯಬೇಕೇಕೆ, ಅರಿಯುವ ಬಗೆ ಯಾವುದು, ಅದರಿಂದ ಲಭಿಸುವುದೇನು ಎಂಬ ಮೂರು ವಿಷಯಗಳು ಇಲ್ಲಿ ನಿರೂಪಿತವಾಗಿವೆ.

ಸಸಾರಜನಕವೆಂಬ ಹೆಸರು

ಇಂಗ್ಲಿಷಿನ 'ಪ್ರೋಟೀನ್' ಎಂಬುದಕ್ಕೆ ಕನ್ನಡದ ಪಠ್ಯಪುಸ್ತಕಗಳಲ್ಲಿ 'ಸಸಾರಜನಕ' ಎಂಬ ಪದ ರೂಢಿಗೆ ಬಂದಿತು. ಸಾರಜನಕವನ್ನು, ಅಂದರೆ ನೈಟ್ರೋಜನ್ನನ್ನು, ಒಳಗೊಂಡದ್ದು ಎಂದು ಇದರ ಅರ್ಥ. ಮೂಲ ಪದವಾದರೋ ಗ್ರೀಕ್ ಭಾಷೆಯದು. 'ಮೊದಲನೆಯದು', 'ಪ್ರಧಾನವಾದುದು' ಎಂಬ ಅರ್ಥದ ಶಬ್ದದಿಂದ 1838ರಲ್ಲಿ ಅದನ್ನು ರೂಪಿಸಲಾಯಿತು. ಎರಡು ಹೆಸರುಗಳೂ ಸಾರ್ಥಕವೇ ಆಗಿವೆ. ಒಂದು ವಸ್ತುವಿನ ಘಟಕವನ್ನು ಹೇಳಿದರೆ, ಮತ್ತೊಂದು ಅದರ ಮಹತ್ವವನ್ನು ಹೇಳುತ್ತದೆ.

ಸಸಾರಜನಕವೆಂದರೆ ಬೇಳೆಕಾಳು, ಹಾಲುಗಳಲ್ಲಿರುವ ಪುಷ್ಟಿಯ ಅಂಶವೆಂದಷ್ಟೇ ಸಾಮಾನ್ಯರು ತಿಳಿಯುವರು. ಅದು ಸತ್ಯದ ಒಂದು ಭಾಗ ಮಾತ್ರ. ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಹಿಮೋಗ್ಲೋಬಿನ್ ಎಂಬ ಸಸಾರಜನಕ. ಸ್ನಾಯು ಸಂಕುಚಿಸುವುದು ಸಸಾರಜನಕಗಳಿಂದ. ಅನ್ನವನ್ನು ಅರಗಿಸುವ ಕಿಣ್ವಗಳೂ ಅವೇ. ಸಿಂಧನೂರಿನ ರೈತನು ಭತ್ತದ ಬೀಜವನ್ನು ನೆನೆಯಿಟ್ಟು ಮೊಳಕೆ ಕಟ್ಟಿದಾಗ, ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವವು ಹುಟ್ಟಿ, ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆದು ಎಳೆಯ ಮೊಳಕೆಗೆ ಉಣಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗದ್ದೆಗೆ ಬಂದರೂ, ಈ ಕಣ್ಣಿಗೆ ಕಾಣದ ಕೆಲಸಗಾರನು ಕಾಳಿನೊಳಗೆ ಎಚ್ಚರಗೊಳ್ಳದಿದ್ದರೆ ಬೆಳೆಯಿಲ್ಲ.

ಇಂಥ ಅಣುಗಳ ರಚನೆಯನ್ನು ಭಾಷೆಯ ದೃಷ್ಟಾಂತದಿಂದ ತಿಳಿಯುವುದು ಸುಲಭ. ವರ್ಣಮಾಲೆಯ ಕೆಲವೇ ಅಕ್ಷರಗಳಿಂದ ಲಕ್ಷಾಂತರ ಪದಗಳು ಆಗುವಂತೆ, ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಸರಣಿಯಿಂದ ಅಸಂಖ್ಯಾತ ಸಸಾರಜನಕಗಳು ಆಗುತ್ತವೆ. ಅಕ್ಷರಗಳು ಅವೇ ಇದ್ದರೂ ಕ್ರಮ ಬದಲಾದರೆ 'ಸರ'ವು 'ರಸ'ವಾಗುತ್ತದೆ, 'ನವ'ವು 'ವನ'ವಾಗುತ್ತದೆ. ಹಿಮೋಗ್ಲೋಬಿನ್ನಿನ ಒಂದು ಸರಣಿಯಲ್ಲಿ 146 ಅಕ್ಷರಗಳಿದ್ದು, ಅವುಗಳಲ್ಲಿ ಆರನೆಯದೊಂದು ಬದಲಾದರೆ ಸಾಕು, ಕುಡುಗೋಲುಕಣ ರೋಗವೆಂಬ ಆಜನ್ಮ ವ್ಯಾಧಿಗೆ ಕಾರಣವಾಗುತ್ತದೆ.

ಆದರೆ ಅಕ್ಷರಗಳನ್ನು ಸಾಲಾಗಿ ಇಟ್ಟಮಾತ್ರಕ್ಕೆ ಕೆಲಸವಾಗದು. ಈ ಸರಣಿಯು ತನ್ನಷ್ಟಕ್ಕೆ ತಾನೇ ಮಡಚಿ, ಸುತ್ತಿ, ಒಂದು ನಿಯತವಾದ ಆಕಾರವನ್ನು ತಾಳಬೇಕು. ಆಕಾರವೇ ಅದರ ಅರ್ಥ. ಸರಣಿಯ ಪ್ರತಿಯೊಂದು ಕೊಂಡಿಯೂ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುವು ಅಸಾಧ್ಯ ಎಂಬುದನ್ನು ಗಣಿತದಿಂದ ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು. 1963ರಲ್ಲಿ ಮದರಾಸಿನಿಂದ ಹೊರಬಂದ ಆ ನಕ್ಷೆಯು 'ರಾಮಚಂದ್ರನ್ ನಕ್ಷೆ' ಎಂದೇ ಜಗತ್ತಿನ ಪಠ್ಯಗಳಲ್ಲಿ ನೆಲೆಗೊಂಡಿದೆ. ತರುವಾಯ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, 1971ರಲ್ಲಿ ಅಲ್ಲಿ ಅಣುಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು.

ಸರಾಸರಿಯು ಮರೆಮಾಚುವ ಸತ್ಯ

ಸಸಾರಜನಕದ ಅಣು ಎಷ್ಟು ಚಿಕ್ಕದು? ಒಂದು ಮೀಟರಿನ ನೂರು ಕೋಟಿಯ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಆಲ್ಬುಮಿನ್ ಎಂಬ ರಕ್ತದ ಸಸಾರಜನಕವು ಸುಮಾರು ಏಳು ನ್ಯಾನೋಮೀಟರ್ ಅಗಲದ್ದು. ಒಂದು ಭತ್ತದ ಕಾಳು ಏಳು ಮಿಲಿಮೀಟರ್ ಉದ್ದವಿದೆಯೆಂದು ಇಟ್ಟುಕೊಂಡರೆ, ಆ ಅಣುವಿಗಿಂತ ಕಾಳು ಹತ್ತು ಲಕ್ಷ ಪಟ್ಟು ದೊಡ್ಡದು. ಕಾಳಿಗೂ ಏಳು ಕಿಲೋಮೀಟರ್ ದಾರಿಗೂ ಇರುವ ಅಂತರವೇ ಅಣುವಿಗೂ ಕಾಳಿಗೂ ಇದೆ. ಆದ್ದರಿಂದಲೇ ರಸಾಯನಶಾಸ್ತ್ರವು ಅಣುಗಳನ್ನು ಬಿಡಿಯಾಗಿ ಅಲ್ಲ, ರಾಶಿಯಾಗಿ ಅಳೆಯುತ್ತ ಬಂದಿತು. ಪ್ರಯೋಗನಾಳದ ಒಂದು ಹನಿಯಲ್ಲಿಯೇ ಕೋಟಿ ಕೋಟಿ ಅಣುಗಳಿರುತ್ತವೆ. ಅಲ್ಲಿ ಕೈಗೆ ಬರುವುದು ಅವೆಲ್ಲದರ ಸರಾಸರಿ.

ಸರಾಸರಿಯು ಸುಳ್ಳಲ್ಲ, ಆದರೆ ಅದು ಪೂರ್ಣಸತ್ಯವೂ ಅಲ್ಲ. ನೂರು ಭತ್ತದ ಕಾಳುಗಳನ್ನು ನೆನೆಯಿಟ್ಟಿದ್ದು, ಒಂದು ನಿರ್ದಿಷ್ಟ ಹೊತ್ತಿಗೆ 'ಮೊಳಕೆಯ ಕಾರ್ಯ ಶೇಕಡ 50ರಷ್ಟು ಆಗಿದೆ' ಎಂದು ಒಬ್ಬನು ವರದಿ ಮಾಡಿದನೆನ್ನೋಣ. ನೂರು ಕಾಳುಗಳೂ ಅರ್ಧರ್ಧ ಮೊಳೆತಿರಬಹುದು. ಅಥವಾ ಐವತ್ತು ಪೂರ್ಣವಾಗಿ ಮೊಳೆತು ಉಳಿದ ಐವತ್ತು ಹಾಗೆಯೇ ಇರಬಹುದು. ವರದಿ ಒಂದೇ, ಸ್ಥಿತಿ ಎರಡು. ಬೀಜವು ಒಳ್ಳೆಯದೋ ಕೆಟ್ಟದೋ ಎಂಬ ತೀರ್ಮಾನ ಈ ಭೇದದ ಮೇಲೆಯೇ ನಿಂತಿದೆ. ರೈತನು ವರದಿಯನ್ನು ನಂಬಿ ಕೂಡದೆ, ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ಒಂದೊಂದಾಗಿ ನೋಡುತ್ತಾನೆ.

ಸಸಾರಜನಕದಲ್ಲಿಯೂ ಹೀಗೆಯೇ. ಅಣುಗಳು ಮಡಚುವಾಗ ಎಲ್ಲವೂ ಒಂದೇ ದಾರಿಯಲ್ಲಿ ನಡೆಯುತ್ತವೆಯೇ? ನಡುವೆ ಯಾವುದಾದರೂ ತಂಗುದಾಣವುಂಟೆ? ಕೆಲವು ಅಣುಗಳು ದಾರಿ ತಪ್ಪಿ ತಪ್ಪಾಗಿ ಮಡಚುತ್ತವೆಯೇ? ಈ ಕೊನೆಯ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಮುಪ್ಪಿನಲ್ಲಿ ನೆನಪನ್ನು ಅಳಿಸುವ ಆಲ್ಜೈಮರ್ ರೋಗ, ಕೈಕಾಲು ನಡುಗಿಸುವ ಪಾರ್ಕಿನ್ಸನ್ ರೋಗ ಮೊದಲಾದವುಗಳಲ್ಲಿ ತಪ್ಪಾಗಿ ಮಡಚಿದ ಸಸಾರಜನಕಗಳು ಗಂಟುಕಟ್ಟಿ ಮಿದುಳಿನಲ್ಲಿ ಸೇರಿಕೊಂಡಿರುವುದು ಕಂಡುಬಂದಿದೆ. ಕೋಟಿಯಲ್ಲಿ ದಾರಿ ತಪ್ಪಿದ ಕೆಲವೇ ಅಣುಗಳನ್ನು ಸರಾಸರಿಯು ತೋರಿಸಲಾರದು. ಅದಕ್ಕಾಗಿ ಒಂದೊಂದನ್ನೇ ಹಿಡಿದು ಕೇಳಬೇಕು.

ಬೆಳಕಿಗೂ ಬಲವುಂಟು

ಇಷ್ಟು ಚಿಕ್ಕದನ್ನು ಹಿಡಿಯುವ ಇಕ್ಕಳ ಯಾವ ಕಮ್ಮಾರನಲ್ಲಿಯೂ ಇಲ್ಲ. ಹಿಡಿಯುವ ಸಾಧನವಾಗಿ ಒದಗಿದ್ದು ಬೆಳಕು.

ಬೆಳಕು ತಾಗಿದ ವಸ್ತುವನ್ನು ನೂಕುತ್ತದೆಯೆಂಬ ಊಹೆ ಹಳೆಯದು. ಧೂಮಕೇತುವಿನ ಬಾಲವು ಸದಾ ಸೂರ್ಯನಿಗೆ ವಿಮುಖವಾಗಿರುವುದನ್ನು ಕಂಡು ಹದಿನೇಳನೆಯ ಶತಮಾನದಲ್ಲಿ ಕೆಪ್ಲರ್ ಈ ಮಾತನ್ನು ಸೂಚಿಸಿದನು. 1873ರಲ್ಲಿ ಮ್ಯಾಕ್ಸ್‌ವೆಲ್ ಇದನ್ನು ಗಣಿತದಿಂದ ನಿರೂಪಿಸಿದನು. 1901ರಲ್ಲಿ ರಷ್ಯದ ಲೆಬೆಡೆವ್ ಪ್ರಯೋಗದಿಂದ ಅಳೆದನು. ಈ ಒತ್ತಡ ಅತ್ಯಲ್ಪವಾದುದು. ಮಧ್ಯಾಹ್ನದ ನೆತ್ತಿಯ ಬಿಸಿಲು ಒಂದು ಎಕರೆ ನೆಲದ ಮೇಲೆ ಹೇರುವ ಒಟ್ಟು ಭಾರ ಒಂದೂವರೆ ಗ್ರಾಮಿಗೂ ಕಡಿಮೆ. ಎಪ್ಪತ್ತು ಭತ್ತದ ಕಾಳುಗಳ ತೂಕ ಅಷ್ಟಾದೀತು. ಬೇಸಿಗೆಯ ರಾಯಚೂರಿನ ಬಿಸಿಲು ಮೈ ಸುಡಬಹುದು, ಆದರೆ ಅದರ ಭಾರದಿಂದ ಯಾರೂ ಬಾಗಿಲ್ಲ.

1960ರಲ್ಲಿ ಲೇಸರ್ ಹುಟ್ಟಿತು. ಚದುರಿಹೋಗದ, ಒಂದೇ ಬಣ್ಣದ, ಅತಿ ಕಿರಿದಾದ ಚುಕ್ಕೆಗೆ ಕೂಡಿಸಬಲ್ಲ ಬೆಳಕು ಅದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಆರ್ಥರ್ ಆಶ್ಕಿನ್ ಲೇಸರಿನ ಬೆಳಕಿನಿಂದ ನೀರಿನಲ್ಲಿದ್ದ ಸೂಕ್ಷ್ಮ ಗೋಲಗಳನ್ನು ನೂಕಿ ನೋಡಿದನು. ಆಗ ಒಂದು ವಿಚಿತ್ರ ಕಂಡಿತು. ಬೆಳಕು ಗೋಲವನ್ನು ಮುಂದಕ್ಕೆ ನೂಕುವುದರ ಜೊತೆಗೆ, ಅಂಚಿನಲ್ಲಿದ್ದುದನ್ನು ಕಿರಣದ ನಡುವಿಗೆ, ಅಂದರೆ ಬೆಳಕು ಹೆಚ್ಚಿರುವೆಡೆಗೆ, ಎಳೆದುಕೊಳ್ಳುತ್ತಿತ್ತು. 1970ರಲ್ಲಿ ಈ ಸಂಗತಿ ಪ್ರಕಟವಾಯಿತು.

ಇದರ ಕಾರಣವನ್ನು ಕಾಲುವೆಯ ದೃಷ್ಟಾಂತದಿಂದ ಅರಿಯಬಹುದು. ಕಾಲುವೆಯು ತಿರುಗುವ ಕಡೆ ನೀರಿನ ದಿಕ್ಕನ್ನು ಬದಲಿಸುವುದು ದಂಡೆ. ಅದಕ್ಕೆ ಪ್ರತಿಯಾಗಿ ನೀರು ದಂಡೆಯನ್ನು ಒತ್ತುತ್ತದೆ. ಆದ್ದರಿಂದಲೇ ತಿರುವಿನಲ್ಲಿ ದಂಡೆಗೆ ಕಲ್ಲು ಕಟ್ಟುತ್ತಾರೆ. ಗಾಜಿನಂಥ ಪಾರದರ್ಶಕ ಗೋಲವು ಸಣ್ಣ ಮಸೂರದಂತೆ ಬೆಳಕನ್ನು ಬಾಗಿಸುತ್ತದೆ. ಬಾಗಿದ ಬೆಳಕು ಪ್ರತಿಯಾಗಿ ಗೋಲವನ್ನು ತಳ್ಳುತ್ತದೆ. ಹೆಚ್ಚು ಬೆಳಕು ಬಾಗಿದ ಕಡೆಯಿಂದ ಬಂದ ತಳ್ಳುವಿಕೆ ಹೆಚ್ಚು. ಎಲ್ಲವನ್ನೂ ಕೂಡಿಸಿ ಕಳೆದಾಗ ಗೋಲವು ಬೆಳಕು ಕೇಂದ್ರೀಕೃತವಾದ ಚುಕ್ಕೆಯತ್ತ ಸೆಳೆಯಲ್ಪಟ್ಟು ಅಲ್ಲಿಯೇ ನಿಲ್ಲುತ್ತದೆ. 1986ರಲ್ಲಿ ಆಶ್ಕಿನ್, ಜೀಡ್ಜಿಕ್, ಬ್ಯೋರ್ಕ್‌ಹಾಮ್ ಮತ್ತು ಸ್ಟೀವನ್ ಚೂ ಇವರು ಒಂದೇ ಒಂದು ಕಿರಣವನ್ನು ಬಲವಾದ ಮಸೂರದಿಂದ ಕೂಡಿಸಿ, ಕಣವನ್ನು ಎಲ್ಲ ದಿಕ್ಕುಗಳಿಂದಲೂ ಹಿಡಿದು ನಿಲ್ಲಿಸಿದರು. ಇದೇ 'ಬೆಳಕಿನ ಚಿಮಟ'. ಮರುವರ್ಷ ಆಶ್ಕಿನ್ ಮತ್ತು ಜೀಡ್ಜಿಕ್ ವೈರಸುಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಇದರಿಂದ ಹಿಡಿದರು. ಈ ಕಾರ್ಯಕ್ಕಾಗಿ 2018ರಲ್ಲಿ ಆಶ್ಕಿನ್‌ಗೆ ನೊಬೆಲ್ ಪಾರಿತೋಷಕ ಸಂದಾಗ ಆತನ ವಯಸ್ಸು 96. ಹೊಸ ಚಿಮಟದ ಹಿಂದೆ ದಶಕಗಳ ಸಹನೆ ಇದ್ದಿತೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಹಿಡಿಕೆ ಕಟ್ಟಿ ಎಳೆದ ಅಣುಗಳು

ಚಿಮಟವು ಹಿಡಿಯುವ ಗೋಲ ಸಸಾರಜನಕಕ್ಕಿಂತ ನೂರಾರು ಪಟ್ಟು ದೊಡ್ಡದು. ಹೀಗಾಗಿ ಮೊದಲಿಗೆ ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಅಣುವನ್ನು ಗೋಲಕ್ಕೆ ಅಂಟಿಸಿ, ಗೋಲವನ್ನು ಹಿಡಿಕೆಯಂತೆ ಬಳಸಿದರು. ಸೇದುವವನ ಕೈಯಲ್ಲಿ ಹಗ್ಗವಿದ್ದು, ಕೊಡವು ಬಾವಿಯ ತಳದಲ್ಲಿರುವಂತೆ ಇದು.

1993ರಲ್ಲಿ ಸ್ವೊಬೊಡ, ಬ್ಲಾಕ್ ಮೊದಲಾದವರು ಕೈನೆಸಿನ್ ಎಂಬ ಸಸಾರಜನಕವನ್ನು ಹೀಗೆ ಪರೀಕ್ಷಿಸಿದರು. ಇದು ಜೀವಕೋಶದೊಳಗಿನ ಹಮಾಲ. ಸಾಮಾನುಗಳನ್ನು ಹೊತ್ತು ಸೂಕ್ಷ್ಮನಾಳಗಳ ಮೇಲೆ ನಡೆಯುತ್ತದೆ. ಅದು ಜಾರುವುದಿಲ್ಲ, ಹರಿಯುವುದಿಲ್ಲ. ಎಂಟೆಂಟು ನ್ಯಾನೋಮೀಟರ್ ಹೆಜ್ಜೆಯಿಟ್ಟು ನಡೆಯುತ್ತದೆ ಎಂಬುದು ಆಗ ಸ್ಪಷ್ಟವಾಯಿತು. ಗುಂಪಿನ ಅಳತೆಯಲ್ಲಿ ಈ ಹೆಜ್ಜೆಗಳು ಕಲಸಿಹೋಗಿ ಒಂದೇ ಸಮನಾದ ಹರಿವಿನಂತೆ ಕಾಣುತ್ತವೆ. ಅದು ಎಳೆಯುವ ಬಲ ಕೆಲವು ಪಿಕೋನ್ಯೂಟನ್‌ಗಳಷ್ಟು. 20 ಮಿಲಿಗ್ರಾಂ ತೂಕದ ಒಂದು ಭತ್ತದ ಕಾಳನ್ನು ಎತ್ತಿ ಹಿಡಿಯಲು ಸುಮಾರು ಇಪ್ಪತ್ತು ಕೋಟಿ ಪಿಕೋನ್ಯೂಟನ್ ಬೇಕೆಂದರೆ ಈ ಬಲದ ಅಲ್ಪತೆ ತಿಳಿದೀತು.

1997ರಲ್ಲಿ ಸ್ನಾಯುವಿನಲ್ಲಿರುವ ಟೈಟಿನ್ ಎಂಬ ದೈತ್ಯ ಸಸಾರಜನಕವನ್ನು ಬೆಳಕಿನ ಚಿಮಟದಿಂದ ಎರಡು ತುದಿ ಹಿಡಿದು ಎಳೆಯಲಾಯಿತು. ಎಳೆದಾಗ ಬಿಚ್ಚಿ, ಬಿಟ್ಟಾಗ ಮತ್ತೆ ಮಡಚುವ ಅದರ ಗುಣ ತಿಳಿದುಬಂದಿತು. 2005ರಲ್ಲಿ ಅಮೆರಿಕದ ಬುಸ್ಟಮಾಂಟೆ, ಮಾರ್ಕುಸೀ ಮತ್ತು ಸಂಗಡಿಗರು ಆರ್‌ಎನ್ಏಸ್ ಎಚ್ ಎಂಬ ಚಿಕ್ಕ ಕಿಣ್ವದ ಇಕ್ಕೆಲಗಳಿಗೆ ಡಿಎನ್ಎ ಎಳೆಗಳನ್ನು ಹಿಡಿಕೆಯಾಗಿ ಕಟ್ಟಿ ಎಳೆದು, ಪೂರ್ತಿ ಬಿಚ್ಚಿದ ಸ್ಥಿತಿಗೂ ಪೂರ್ತಿ ಮಡಚಿದ ಸ್ಥಿತಿಗೂ ನಡುವೆ ಒಂದು ತಂಗುದಾಣವಿರುವುದನ್ನು ಒಂದೇ ಅಣುವಿನಲ್ಲಿ ನೇರವಾಗಿ ಕಂಡರು. ಸರಾಸರಿಯು ಮರೆಮಾಚಿದ್ದ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು.

ಚಿನ್ನದ ತಗಡಿನ ರಂಧ್ರ

ಹಿಡಿಕೆಯ ಉಪಾಯದಲ್ಲಿ ಒಂದು ಕೊರತೆ ಉಳಿಯಿತು. ಅಣುವಿಗೆ ಏನನ್ನಾದರೂ ಕಟ್ಟಿ ಎಳೆದರೆ ಅದರ ಸಹಜ ಸ್ವಭಾವಕ್ಕೆ ಭಂಗ ಬರಬಹುದು. ಕಟ್ಟದೆ, ಎಳೆಯದೆ, ಬಣ್ಣ ಹಚ್ಚದೆ, ಅಣುವನ್ನು ಅದು ಇದ್ದಂತೆಯೇ ಹಿಡಿಯಬಾರದೇಕೆ?

ಇಲ್ಲಿ ಎರಡು ಅಡ್ಡಿಗಳಿವೆ. ಮಸೂರವು ಎಷ್ಟೇ ಉತ್ತಮವಾಗಿರಲಿ, ಬೆಳಕನ್ನು ಅದರ ತರಂಗಾಂತರದ ಸುಮಾರು ಅರ್ಧಕ್ಕಿಂತ ಕಿರಿದಾದ ಚುಕ್ಕೆಗೆ ಕೂಡಿಸಲಾಗದು. ಆ ಚುಕ್ಕೆ ಅರ್ಧ ಮೀಟರಿನ ಮೊರದಷ್ಟಿದ್ದರೆ, ಅದರಲ್ಲಿ ಸಸಾರಜನಕವು ಒಂದೇ ಒಂದು ಕಾಳಿನಂತೆ. ಎರಡನೆಯದಾಗಿ, ಕಣದ ಅಗಲ ಹತ್ತರ ಒಂದಾದರೆ ಹಿಡಿಯುವ ಬಲ ಸಾವಿರದ ಒಂದಾಗುತ್ತದೆ. ಅತ್ತ ನೀರಿನ ಅಣುಗಳು ಎಡೆಬಿಡದೆ ಬಡಿದು ಕಣವನ್ನು ಅಲೆದಾಡಿಸುತ್ತಲೇ ಇರುತ್ತವೆ. 1827ರಲ್ಲಿ ರಾಬರ್ಟ್ ಬ್ರೌನ್ ಕಂಡ ಚಲನೆಯಿದು. ಲೇಸರಿನ ಶಕ್ತಿಯನ್ನು ಸಾವಿರಾರು ಪಟ್ಟು ಹೆಚ್ಚಿಸಿದರೆ ಹಿಡಿಯಬೇಕಾದ ಅಣುವೇ ಕೆಟ್ಟುಹೋಗುತ್ತದೆ.

ಈ ಅಡ್ಡಿಯನ್ನು ದಾಟಲು ನೆರವಾದದ್ದು ಚಿನ್ನ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನ ಕಾಲದಿಂದಲೂ ಚಿನ್ನವನ್ನು ಅಗೆದಿರುವ ಗುರುತುಗಳಿವೆ; ಇಂದಿಗೂ ಅಲ್ಲಿ ಗಣಿ ನಡೆಯುತ್ತಿದೆ. ಆಭರಣಕ್ಕೆ ಚಿನ್ನ ಬೇಕಾಗುವುದು ಅದರ ಹೊಳಪಿಗಾಗಿ, ತುಕ್ಕು ಹಿಡಿಯದ ಗುಣಕ್ಕಾಗಿ. ಪ್ರಯೋಗಾಲಯಕ್ಕೂ ಇವೇ ಗುಣಗಳು ಬೇಕು. ಜೊತೆಗೆ ಮತ್ತೊಂದು ಗುಣವೂ ಬೇಕು. ಚಿನ್ನದೊಳಗಿನ ಎಲೆಕ್ಟ್ರಾನುಗಳು ಬೆಳಕಿನ ತಾಳಕ್ಕೆ ತೂಗಿ, ಬೆಳಕನ್ನು ಮಸೂರಕ್ಕೆ ಸಾಧ್ಯವಾಗದಷ್ಟು ಇಕ್ಕಟ್ಟಿನ ಎಡೆಗೆ ಕೂಡಿಸಬಲ್ಲವು. ಇದಕ್ಕಾಗಿ ಗಾಜಿನ ಮೇಲೆ ಸುಮಾರು ನೂರು ನ್ಯಾನೋಮೀಟರ್ ದಪ್ಪದ ಚಿನ್ನದ ಲೇಪ ಕೊಡುತ್ತಾರೆ. ಒಂದು ಗ್ರಾಂ ಚಿನ್ನವನ್ನು ಇಷ್ಟು ತೆಳುವಾಗಿ ಹರಡಿದರೆ ಅರ್ಧ ಚದರ ಮೀಟರ್ ಆವರಿಸುತ್ತದೆ. ಆ ಲೇಪದಲ್ಲಿ ಒಂದಕ್ಕೊಂದು ತಗುಲಿದ ಎರಡು ದುಂಡು ರಂಧ್ರಗಳನ್ನು ಕೊರೆಯುತ್ತಾರೆ. ಅವು ಕೂಡುವ ಕಡೆ ಡಮರುವಿನ ನಡುವಿನಂತೆ ಇಕ್ಕಟ್ಟಾಗಿ, ಎರಡು ಚೂಪು ತುದಿಗಳು ಎದುರುಬದುರಾಗಿ ನಿಲ್ಲುತ್ತವೆ. ಲೇಸರನ್ನು ಹಾಯಿಸಿದಾಗ ಬೆಳಕಿನ ತೀವ್ರತೆ ಆ ತುದಿಗಳ ನಡುವೆ ತುಂಬಿಕೊಳ್ಳುತ್ತದೆ.

2009ರಲ್ಲಿ ಹುವಾನ್, ಗಾರ್ಡನ್, ಕಿದಾಂ ಮೊದಲಾದವರು ಚಿನ್ನದ ತಗಡಿನ ಒಂದು ದುಂಡು ರಂಧ್ರದಲ್ಲಿ 50 ನ್ಯಾನೋಮೀಟರ್ ಗೋಲವನ್ನು ಅಲ್ಪ ಶಕ್ತಿಯ ಲೇಸರಿನಿಂದಲೇ ಹಿಡಿದರು. ಕಣವು ರಂಧ್ರದಲ್ಲಿದ್ದಾಗ ಹೆಚ್ಚು ಬೆಳಕು ಆಚೆ ದಾಟುತ್ತದೆ. ಅದು ಹೊರಸರಿಯತೊಡಗಿದರೆ ದಾಟುವ ಬೆಳಕು ಕುಗ್ಗುತ್ತದೆ. ಆ ಕುಗ್ಗುವಿಕೆಗೆ ಪ್ರತಿಯಾಗಿ ಕಣವನ್ನು ಒಳಕ್ಕೆ ಎಳೆಯುವ ಬಲ ಉಂಟಾಗುತ್ತದೆ. ಹಿಡಿಯಲ್ಪಟ್ಟದ್ದೇ ಹಿಡಿತಕ್ಕೆ ನೆರವಾಗುವುದು ಇದರ ವಿಶೇಷ.

2012ರಲ್ಲಿ ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಪಾಂಗ್ ಮತ್ತು ಗಾರ್ಡನ್ ಜೋಡಿರಂಧ್ರದಲ್ಲಿ ಆಲ್ಬುಮಿನ್‌ನ ಒಂದೇ ಅಣುವನ್ನು, ಯಾವ ಹಿಡಿಕೆಯೂ ಇಲ್ಲದೆ, ಹಿಡಿದು ನಿಲ್ಲಿಸಿದರು. ಅಣುವನ್ನು ಕಣ್ಣಿನಿಂದ ಕಾಣಲಾಗದು. ಆದರೆ ಅದು ಒಳಹೊಕ್ಕ ಕ್ಷಣವೇ ದಾಟಿ ಬರುವ ಬೆಳಕು ಥಟ್ಟನೆ ಒಂದು ಮೆಟ್ಟಿಲು ಮೇಲೇರಿತು. ಅನಂತರ ಬೆಳಕು ಎರಡು ಮಟ್ಟಗಳ ನಡುವೆ ಏರಿಳಿಯುತ್ತಿದ್ದುದು ಕಂಡುಬಂದಿತು. ಅಣುವು ಮಡಚಿದ ಮತ್ತು ಭಾಗಶಃ ಬಿಚ್ಚಿದ ಸ್ಥಿತಿಗಳ ನಡುವೆ ಹೊಯ್ದಾಡುತ್ತಿರುವುದೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. 583 ಅಮೈನೋ ಆಮ್ಲಗಳ ಒಂದು ಅಣು ತನ್ನ ಮಗ್ಗುಲು ಬದಲಿಸಿದ್ದನ್ನು ಬೆಳಕು ಬರೆದಿಟ್ಟುಕೊಂಡಿತು.

ಈ ದಾರಿಯಲ್ಲಿ ಮುಂದುವರಿದ ಒಂದು ಅಧ್ಯಯನ ಈ ಭಾಗದ ಜನರಿಗೆ ಹತ್ತಿರವಾದುದು. ಶರೀರದಲ್ಲಿ ಕಬ್ಬಿಣವನ್ನು ಕೂಡಿಡುವುದು ಫೆರಿಟಿನ್ ಎಂಬ ಸಸಾರಜನಕ. 24 ತುಣುಕುಗಳು ಸೇರಿ ಆದ, ಸುಮಾರು 12 ನ್ಯಾನೋಮೀಟರ್ ಅಗಲದ ಟೊಳ್ಳು ಗೋಲವಿದು. ಜೋಳವನ್ನು ತುಂಬಿಡುವ ಹಗೇವಿನಂತೆ, ಇದು ತನ್ನೊಳಗೆ 4500ರ ವರೆಗೆ ಕಬ್ಬಿಣದ ಪರಮಾಣುಗಳನ್ನು ತುಂಬಿಕೊಂಡು, ಬೇಕಾದಾಗ ಬಿಟ್ಟುಕೊಡುತ್ತದೆ. 2023ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಚಿನ್ನದ ಜೋಡಿರಂಧ್ರದಲ್ಲಿ ಒಂದೇ ಫೆರಿಟಿನ್ ಅಣುವನ್ನು ಹಿಡಿದು, ಅದರೊಳಗೆ ಕಬ್ಬಿಣ ತುಂಬುತ್ತಿರುವುದನ್ನು ಬೆಳಕಿನಿಂದಲೇ ಗಮನಿಸಿದರು. ಕಬ್ಬಿಣದ ಕೊರತೆಯಿಂದ ಬರುವ ರಕ್ತಹೀನತೆಯು ಬಾಲಕಿಯರನ್ನೂ ತಾಯಂದಿರನ್ನೂ ಹೇಗೆ ಬಳಲಿಸುತ್ತದೆಂಬುದು ಶಾಲೆಗಳಲ್ಲಿ ಕಬ್ಬಿಣದ ಗುಳಿಗೆ ಹಂಚುವ ಉಪಾಧ್ಯಾಯರಿಗೆ ತಿಳಿಯದ್ದಲ್ಲ. ಗುಳಿಗೆಯ ಕಬ್ಬಿಣವು ಕೊನೆಗೆ ಸೇರಬೇಕಾದ ಉಗ್ರಾಣಗಳಲ್ಲಿ ಒಂದರ ಬಾಗಿಲಲ್ಲಿ ನಿಂತು ನೋಡಿದಂತೆ ಈ ಪ್ರಯೋಗ.

ಕರ್ನಾಟಕದಲ್ಲಿ ನಡೆದ ಕಾರ್ಯ

ಈ ವಿದ್ಯೆ ಪರದೇಶಗಳಲ್ಲಷ್ಟೇ ಬೆಳೆಯಿತೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಜಿ. ವಿ. ಶಿವಶಂಕರ್ ಮತ್ತು ಅವರ ಸಂಗಡಿಗರು ಡಿಎನ್ಎ ಮತ್ತು ಸಸಾರಜನಕಗಳ ಅಧ್ಯಯನಕ್ಕಾಗಿ ಬೆಳಕಿನ ಚಿಮಟವೊಂದನ್ನು ತಾವೇ ಕಟ್ಟಿದರು. ಅದರ ವಿವರ 2002ರಲ್ಲಿ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಮತ್ತು ಸೌವಿಕ್ ಘೋಷ್ 2018ರಲ್ಲಿ ಮತ್ತೊಂದು ಹೆಜ್ಜೆ ಮುಂದಿಟ್ಟು, ಕಾಂತಬಲದಿಂದ ನೀರಿನಲ್ಲಿ ಚಲಿಸುತ್ತ, ಬೆಳಕು ಬಿದ್ದಾಗ ಸೂಕ್ಷ್ಮಕಣಗಳನ್ನು ಹಿಡಿದು ಬೇಕಾದಲ್ಲಿಗೆ ಒಯ್ಯುವ ಸುರುಳಿಯಾಕಾರದ ನ್ಯಾನೋಚಿಮಟಗಳನ್ನು ರಚಿಸಿದರು.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ರೂಪ್ ಮಲ್ಲಿಕ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖನೀಯ. ಕೈನೆಸಿನ್ನಿನಂತೆಯೇ ಡೈನೀನ್ ಎಂಬ ಮತ್ತೊಂದು ಹಮಾಲ ಜೀವಕೋಶದಲ್ಲಿದೆ. ಒಂಟಿಯಾಗಿದ್ದಾಗ ಕೈನೆಸಿನ್ ಬಲಶಾಲಿ, ಡೈನೀನ್ ದುರ್ಬಲ. ಆದರೆ ಹಲವು ಕೂಡಿ ಎಳೆಯಬೇಕಾದಾಗ ಡೈನೀನ್‌ಗಳು ಹೊಂದಿಕೊಂಡು ಹೊರೆಯನ್ನು ಹಂಚಿಕೊಳ್ಳುತ್ತವೆ. ಕೈನೆಸಿನ್‌ಗಳಿಗೆ ಈ ಹೊಂದಾಣಿಕೆ ಅಷ್ಟಾಗಿ ಒಗ್ಗದು. ಬಲಿಷ್ಠವಾದ ಒಂಟಿ ಎತ್ತಿಗಿಂತ ಹೊಂದಿ ನಡೆಯುವ ಜೋಡಿ ಮೇಲೆಂದು ಒಕ್ಕಲಿಗನು ಬಲ್ಲನು. ಗಮನಿಸಬೇಕಾದ ಮಾತೆಂದರೆ, ಒಂದೊಂದರ ಬಲವನ್ನು ಪ್ರತ್ಯೇಕವಾಗಿ ಅಳೆದ ಮೇಲೆಯೇ ಕೂಟದ ಬಲದ ಮರ್ಮ ಹೊಳೆಯಿತು. ಬಿಡಿಯನ್ನು ಅರಿಯುವುದು ಇಡಿಯನ್ನು ಕಡೆಗಣಿಸುವುದಕ್ಕಲ್ಲ. ಇಡಿಯನ್ನು ಸರಿಯಾಗಿ ಅರಿಯುವುದಕ್ಕೆ.

ಮಿತಿಗಳು

ಹೊಸದನ್ನು ಹೊಗಳುವ ಭರದಲ್ಲಿ ಅದರ ಮಿತಿಯನ್ನು ಮರೆಯುವುದು ಅಧ್ಯಯನಕ್ಕೆ ತಕ್ಕುದಲ್ಲ. ಚಿನ್ನವು ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಆ ಬಿಸಿಯೇ ಅಣುವಿನ ಮಡಿಕೆಯನ್ನು ಸಡಿಲಿಸಬಹುದು. ಲೋಹದ ಗೋಡೆಗೆ ಅಂಟಿಕೊಂಡ ಅಣು ಸಹಜವಾಗಿ ವರ್ತಿಸಲಾರದು. ಬೆಳಕಿನ ಏರಿಳಿತವು ಅಣುವಿನ ಮಡಚುವಿಕೆಯದೋ, ರಂಧ್ರದೊಳಗಿನ ಅಲೆದಾಟದ್ದೋ ಎಂದು ನಿರ್ಣಯಿಸುವುದು ಸುಲಭವಲ್ಲ. ಒಂದು ಅಣುವಿನ ಮಾತನ್ನು ಎಲ್ಲ ಅಣುಗಳ ಮಾತೆಂದು ಸಾರುವುದೂ ಸರಾಸರಿಯಷ್ಟೇ ಅಪಾಯಕಾರಿ. ಹಲವನ್ನು ಒಂದೊಂದಾಗಿ ನೋಡಿಯೇ ತೀರ್ಮಾನಕ್ಕೆ ಬರಬೇಕು. ಇದರಿಂದ ರೋಗಗಳ ಮೂಲವನ್ನರಿಯಲು ನೆರವಾದೀತೇ ಹೊರತು, ಚಿಮಟವೇ ಔಷಧವಲ್ಲ.

ಇನ್ನೊಂದು ಎಚ್ಚರವೂ ಅಗತ್ಯ. ವೈಶೇಷಿಕ ದರ್ಶನದ ಕಣಾದನು ಪರಮಾಣುವನ್ನು ಕುರಿತು ಚಿಂತಿಸಿದನೆಂಬುದು ಹೆಮ್ಮೆಯ ವಿಷಯವೇ. ಆದರೆ ಆ ಚಿಂತನೆ ತರ್ಕದಿಂದ ಹುಟ್ಟಿದ್ದು. ಈ ಚಿಮಟ ಅಳತೆಯಿಂದ ಹುಟ್ಟಿದ್ದು. ಎರಡನ್ನೂ ಅವುಗಳ ನೆಲೆಯಲ್ಲಿಯೇ ಗೌರವಿಸಬೇಕಲ್ಲದೆ, ಒಂದರ ಕೀರ್ತಿಯನ್ನು ಮತ್ತೊಂದಕ್ಕೆ ಹೊರಿಸಬಾರದು.

ಶಾಲೆಯಲ್ಲಿ ಮಾಡಬಹುದಾದದ್ದು

ಲೇಸರ್ ಚಿಮಟವನ್ನು ಪ್ರೌಢಶಾಲೆಯಲ್ಲಿ ಕಟ್ಟುವುದು ಸಾಧ್ಯವಿಲ್ಲ. ಆದರೆ ಅದರ ತತ್ತ್ವವನ್ನು ಮಕ್ಕಳಿಗೆ ಮನಗಾಣಿಸಲು ಎರಡು ಸುಲಭ ಪ್ರಯೋಗಗಳುಂಟು. ಒಂದು ಹನಿ ಹಾಲನ್ನು ಹೆಚ್ಚು ನೀರಿನಲ್ಲಿ ಬೆರೆಸಿ, ನಾನೂರು ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೊಬ್ಬಿನ ಕಿರುಗೋಲಗಳು ತಡೆಯಿಲ್ಲದೆ ನಡುಗುವುದು ಕಾಣುತ್ತದೆ. ಬೆಳಕಿನ ಚಿಮಟವು ಗೆಲ್ಲಬೇಕಾದದ್ದು ಈ ನಡುಕವನ್ನೇ. ಎರಡನೆಯದಾಗಿ, ನೂರು ಭತ್ತದ ಕಾಳುಗಳನ್ನು ಒದ್ದೆಬಟ್ಟೆಯಲ್ಲಿಟ್ಟು, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಆರು ತಾಸಿಗೊಮ್ಮೆ ಯಾವುದು ಮೊಳೆಯಿತೆಂದು ಬರೆದಿಡಬೇಕು. ಕೊನೆಗೆ ಒಟ್ಟು ಶೇಕಡಾವಾರನ್ನೂ ಒಂದೊಂದು ಕಾಳಿನ ವೇಳೆಯನ್ನೂ ಎರಡು ಬೇರೆ ಪಟ್ಟಿಗಳಲ್ಲಿ ತೋರಿಸಿದರೆ, ಸರಾಸರಿಯು ಹೇಳುವುದೇನು, ಹೇಳದೆ ಬಿಡುವುದೇನು ಎಂಬುದು ಮಕ್ಕಳಿಗೆ ಮನದಟ್ಟಾಗುತ್ತದೆ. ದಾನಿಗಳು ಕೊಡುವ ಒಂದು ಒಳ್ಳೆಯ ಸೂಕ್ಷ್ಮದರ್ಶಕವು ಇಲ್ಲಿ ಹತ್ತು ವ್ಯಾಖ್ಯಾನಗಳಿಗಿಂತ ಹೆಚ್ಚು ಕಲಿಸಬಲ್ಲದು.

ಉಪಸಂಹಾರ

ಈ ಪಾಠವು ಅಣುಗಳಿಗೆ ಮಾತ್ರ ಸಲ್ಲುವುದಲ್ಲ, ತರಗತಿಗೂ ಸಲ್ಲುತ್ತದೆ. ಪರೀಕ್ಷೆಯ ಫಲಿತಾಂಶ ಶೇಕಡ ಇಷ್ಟೆಂದು ಫಲಕದಲ್ಲಿ ಬರೆಯುವುದು ವಾಡಿಕೆ. ಆ ಅಂಕೆಯಲ್ಲಿ, ಹಿಂದಿನ ಬೆಂಚಿನಲ್ಲಿ ಕುಳಿತು ದಾರಿ ತಪ್ಪುತ್ತಿರುವ ಒಬ್ಬ ಹುಡುಗನೂ ಕಾಣುವುದಿಲ್ಲ, ತನ್ನಷ್ಟಕ್ಕೆ ಅರಳುತ್ತಿರುವ ಒಬ್ಬ ಹುಡುಗಿಯೂ ಕಾಣುವುದಿಲ್ಲ. ಹಾಜರಿಪಟ್ಟಿಯ ಸಂಖ್ಯೆಯನ್ನು ಬಿಟ್ಟು ಮಗುವಿನ ಹೆಸರು ಹಿಡಿದು ಕರೆಯುವ ಉಪಾಧ್ಯಾಯನು, ವಿಜ್ಞಾನಿಯು ಇಷ್ಟು ಶ್ರಮದಿಂದ ಸಾಧಿಸಿದುದನ್ನು ದಿನವೂ ಸಾಧಿಸುತ್ತಾನೆ.

ಚಿನ್ನವನ್ನು ಅರಸಿ ಬಂದವನಿಗೆ ಮಸ್ಕಿಯ ಬಂಡೆಯಲ್ಲಿ ಒಂದು ಹೆಸರು ದೊರೆಯಿತು. ಚಿನ್ನದಲ್ಲಿ ರಂಧ್ರ ಕೊರೆದವರಿಗೆ ಒಂದು ಅಣುವಿನ ಸ್ವಭಾವ ದೊರೆಯಿತು. ಎರಡು ಕಡೆಯೂ ಬೆಲೆಬಾಳಿದ್ದು ಲೋಹವಲ್ಲ, ನಿಂತು ನೋಡಿದ ನೋಟ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಶಾಲೆಗಳಲ್ಲಿ ಓದುತ್ತಿರುವ ಮಕ್ಕಳಿಗೆ ಆ ನೋಟವು ಕನ್ನಡದಲ್ಲಿಯೇ, ಎಳವೆಯಲ್ಲಿಯೇ ಲಭಿಸಿದರೆ, ಮುಂದಿನ ಚಿಮಟವನ್ನು ಕಟ್ಟುವ ಕೈಗಳು ಈ ಮಣ್ಣಿನವೂ ಆಗಬಹುದು.